ಬಸವನಹುಳು ತಿನ್ನುವ ಮೀನು: ನಿಮ್ಮ ತೊಟ್ಟಿಗೆ ಯಾವುದಾದೀತು?

ಪೇಟೆಯವರ ಹವ್ಯಾಸ ಅಂತಿದ್ದ ಗಾಜಿನ ಮೀನುತೊಟ್ಟಿ ಕೃಷಿಕರ ಜಗಲಿಗೂ ಬಂದಿದೆ. ಮಕ್ಕಳ ಒತ್ತಾಯಕ್ಕೆ ತಂದವೇ ಹೆಚ್ಚು. ಸಾಮಾನ್ಯವಾಗಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಮರಳು, ಕಲ್ಲು ಹಾಕಿದ ಮೇಲೆ ಹಿಡಿಯುವುದು ಐವತ್ತು ಲೀಟರಿನ ಆಸುಪಾಸು ನೀರು. ಗಿಡಕ್ಕೆ ದುಡ್ಡು ಕೊಡುವ ಪೈಕಿ ನಾವಲ್ಲ. ತೋಡಿನಿಂದಲೋ ಕೆರೆಯಿಂದಲೋ ಒಂದು ಹಿಡಿ ಕಿತ್ತು ತಂದು ನೆಡುತ್ತೇವೆ. ಬಸವನಹುಳು ಬರುವುದು ಆ ಗಿಡದ ಜತೆ. ಎಲೆಯಡಿ ಅಂಟಿಕೊಂಡ ಲೋಳೆಯಂಥ ಮೊಟ್ಟೆ ಕಣ್ಣಿಗೆ ಬೀಳುವುದೇ ಇಲ್ಲ. ಎರಡು ತಿಂಗಳು ಕಳೆಯುವಾಗ ಗಾಜಿನ ತುಂಬ ಅದೇ.

ಇದನ್ನು ತಿನ್ನುವ ಮೀನು ಇಲ್ಲವೇ ಎಂದರೆ, ಇದೆ. ಆದರೆ ಹುಳು ನೋಡಿ ಮೀನು ತರುವುದಲ್ಲ, ತೊಟ್ಟಿ ನೋಡಿ ತರಬೇಕು. ಹುಳು ಎರಡು ವಾರದಲ್ಲಿ ಮುಗಿದೀತು, ಮೀನು ವರ್ಷಗಟ್ಟಲೆ ಇರುತ್ತದೆ.

ಅದಕ್ಕಿಂತ ಮೊದಲು ಒಂದು ಎಚ್ಚರಿಕೆ. ಅಡಿಕೆಗೆ ಬೋರ್ಡೋ ಬಿಡುವವರ ಮನೆಯಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. ಅದು ಬಸವನಹುಳುವನ್ನು ಕೊಲ್ಲುತ್ತದೆ ಎಂಬುದೂ ಗೊತ್ತಿರುತ್ತದೆ. ಒಂದು ಚಿಟಿಕೆ ಹಾಕಿಬಿಟ್ಟರೆ ಆಯಿತಲ್ಲ ಎಂದು ಕಾಣುವುದು ಸಹಜ. ಖಂಡಿತ ಬೇಡ. ತಾಮ್ರದ ವಿಷ ಮೆದು ನೀರಿನಲ್ಲಿ ಹೆಚ್ಚು ತೀಕ್ಷ್ಣ. ನಮ್ಮ ಮುರಕಲ್ಲಿನ ನೆಲದ ಬಾವಿನೀರು ಹೆಚ್ಚಾಗಿ ಮೆದು ನೀರೇ. ಹುಳು ಸಾಯುವ ಮೊದಲೇ ಮೀನು ತೇಲೀತು. ಮೀನು ಉಳಿದರೂ ನೂರಾರು ಹುಳು ಒಟ್ಟಿಗೆ ಸತ್ತು ಕೊಳೆತಾಗ ನೀರು ಕೆಡುತ್ತದೆ. ಬೋರ್ಡೋ ಕಲಸಿದ ಡ್ರಮ್ಮಿನಲ್ಲಿ ತೊಟ್ಟಿಗೆ ನೀರು ತುಂಬಿಸುವುದೂ ಬೇಡ. ಅಂಗಳದ ಪಕ್ಕ ಸ್ಪ್ರೇ ನಡೆಯುವ ದಿನ ತೊಟ್ಟಿಯ ಬಾಯಿ ಮುಚ್ಚಿಡಿ.

ಇನ್ನು ಮೀನಿನ ವಿಷಯ. ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ತೋರಿಸುವುದು ಕ್ಲೌನ್ ಲೋಚ್. ಕಿತ್ತಳೆ ಮೈ, ಮೂರು ಕಪ್ಪು ಪಟ್ಟೆ, ನೋಡಲು ಬಲು ಚೆಂದ. ಬಸವನಹುಳುವನ್ನು ಚಿಪ್ಪಿನಿಂದ ಹೀರಿ ತಿನ್ನುವುದರಲ್ಲಿ ನಿಸ್ಸೀಮ. ಆದರೆ ಸುಮಾತ್ರಾ, ಬೋರ್ನಿಯೋ ಹೊಳೆಗಳ ಈ ಮೀನು ಮಾರುವಾಗ ಎರಡಿಂಚು ಇದ್ದದ್ದು ಬೆಳೆದರೆ ಒಂದಡಿವರೆಗೂ ಹೋಗುತ್ತದೆ, ಅದೂ ಗುಂಪಿನಲ್ಲೇ ಇರಬೇಕು. ಎರಡಡಿ ತೊಟ್ಟಿಯಲ್ಲಿ ಅದನ್ನಿಡುವುದು ಎಮ್ಮೆಯನ್ನು ಕರುವಿನ ಗೂಟಕ್ಕೆ ಕಟ್ಟಿದ ಹಾಗೆ. ಉತ್ತರ ಭಾರತದ ಯೋಯೋ ಲೋಚ್ ಅಷ್ಟು ದೊಡ್ಡದಾಗದು. ಆದರೂ ಆರಿಂಚು ಬೆಳೆಯುವ ಆ ಗುಂಪುಮೀನಿಗೆ ನಾಲ್ಕಡಿ ತೊಟ್ಟಿಯಾದರೂ ಬೇಕು.

ಇದೇ ಬಳಗದಲ್ಲಿ ನಮ್ಮದೇ ಒಂದು ಮೀನಿದೆ, ಜೀಬ್ರಾ ಲೋಚ್. ಮೈತುಂಬ ಸಪೂರ ಅಡ್ಡಪಟ್ಟೆ, ಉದ್ದ ಮೂರೂವರೆ ಇಂಚು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣರಾಯರು 1920ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟದ್ದು ಶಿವಮೊಗ್ಗದ ತುಂಗಾನದಿಯಲ್ಲಿ ಸಿಕ್ಕ ಮೀನನ್ನು ನೋಡಿ. ಸ್ವಭಾವ ಸೌಮ್ಯ, ಹುಳು ತಿನ್ನುವುದರಲ್ಲಿ ಚುರುಕು. ಐದಾರಾದರೂ ಒಟ್ಟಿಗಿರಬೇಕು, ತಳಕ್ಕೆ ನುಣುಪು ಮರಳು, ಅಡಗಲು ಕಲ್ಲಿನ ಸಂದು, ಮೂರಡಿ ತೊಟ್ಟಿ ಬೇಕು. ಕಣ್ಣಿನ ಕೆಳಗೆ ಮುಳ್ಳಿದೆ, ಬಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಿಡಿಯುವಾಗ ಚೊಂಬು ಅಥವಾ ಪಾತ್ರೆ ಒಳ್ಳೆಯದು. ಆದರೆ ಇದನ್ನು ತರುವ ಮೊದಲು ಯೋಚಿಸಬೇಕಾದ ಮಾತೊಂದಿದೆ. ಪಶ್ಚಿಮಘಟ್ಟದಲ್ಲಿ ಮಾತ್ರ ಇರುವ ಈ ಮೀನು ಅಳಿವಿನ ಅಪಾಯದಲ್ಲಿರುವವುಗಳ ಪಟ್ಟಿಯಲ್ಲಿದೆ, ಮಾರಾಟಕ್ಕೆ ಬರುವವು ಹೆಚ್ಚಾಗಿ ಹೊಳೆಯಿಂದ ಹಿಡಿದವು. ನಾಲ್ಕು ಹುಳು ತಿನ್ನಿಸಲಿಕ್ಕೆಂದು ಹೊಳೆಯನ್ನು ಬರಿದು ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗಾದರೆ ಎರಡಡಿ ತೊಟ್ಟಿಗೆ ಏನುಂಟು? ನಿಜವಾಗಿ ಹೊಂದುವುದು ಒಂದೇ, ಪೀ ಪಫರ್. ಇದೂ ಪಶ್ಚಿಮಘಟ್ಟದ್ದೇ, 1941ರಲ್ಲಿ ಹೋರಾ ಮತ್ತು ನಾಯರ್ ಇದನ್ನು ವಿವರಿಸಿದಾಗ ತಿರುವಾಂಕೂರಿನ ಹೆಸರನ್ನೇ ಇಟ್ಟರು. ದೊಡ್ಡದಾದರೂ ಒಂದಿಂಚು, ಒಂದೂಕಾಲು ಇಂಚು. ಉರುಟು ಮೈ, ಹಸಿರು–ಹಳದಿ ಮೈಮೇಲೆ ಕಪ್ಪು ಮಚ್ಚೆ. ಹಲ್ಲು ಗಿಳಿಯ ಕೊಕ್ಕಿನ ಹಾಗೆ. ಕಣ್ಣನ್ನು ಅತ್ತಿತ್ತ ತಿರುಗಿಸುತ್ತಾ ಹುಳುವಿನ ಎದುರು ನಿಂತು, ಅದು ತಲೆ ಹೊರಹಾಕಿದ್ದೇ ತಡ ಟಕ್ಕನೆ ಕಚ್ಚುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಗಾತ್ರ ಸಣ್ಣದಾದರೂ ಬುದ್ಧಿ ಜೋರು. ಗಪ್ಪಿ, ಫೈಟರ್‌ನಂಥ ಉದ್ದ ರೆಕ್ಕೆಯ ಮೀನುಗಳ ಜತೆ ಬಿಟ್ಟರೆ ರೆಕ್ಕೆ ಉಳಿಯದು. ಗಂಡುಗಂಡು ಕಾದಾಡುತ್ತವೆ. ಹಾಗಾಗಿ ಇದಕ್ಕೆ ಬೇರೆಯೇ ತೊಟ್ಟಿ, ಎರಡಡಿಯದರಲ್ಲಿ ಎರಡು ಅಥವಾ ಮೂರು, ಒಂದಕ್ಕೊಂದು ಕಾಣದಷ್ಟು ದಟ್ಟ ಗಿಡ. ಒಣ ತಿಂಡಿಯನ್ನು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಹುಳು ಮುಗಿದರೆ ಉಪವಾಸ! ಇಲ್ಲಿ ಪೇಟೆಯವರಿಗಿಂತ ನಮಗೆ ಅನುಕೂಲ ಜಾಸ್ತಿ. ತೋಟದಲ್ಲಿ ಬಿದ್ದ ಹಾಳೆಯಲ್ಲಿ, ತೆಂಗಿನ ಗೆರಟೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆಮರಿ ಧಾರಾಳ. ಸೋಸಿ, ತೊಳೆದು ಕೊಟ್ಟರೆ ಮೀನಿಗೂ ಆಯಿತು, ಸೊಳ್ಳೆಯೂ ಕಡಿಮೆಯಾಯಿತು. ಔಷಧಿ ಹೊಡೆದ ಜಾಗದ್ದು ಮಾತ್ರ ಬೇಡ. ಜತೆಗೊಂದು ಬಕೆಟ್ಟಿನಲ್ಲಿ ಬಸವನಹುಳುವನ್ನೇ ಸಾಕಬೇಕಾಗುತ್ತದೆ. ಹುಳು ಕಾಟವೆಂದು ಮೀನು ತಂದು, ಮೀನಿಗಾಗಿ ಹುಳು ಸಾಕುವುದು! ಪಫರ್‌ಗೂ ನೆಲೆ ಕಡಿಮೆಯಾಗುತ್ತಿದೆ. ತೊಟ್ಟಿಯಲ್ಲಿ ಮರಿ ಮಾಡಿಸುವವರಿದ್ದಾರೆ, ಅಂಥವರಿಂದಲೇ ಪಡೆಯಿರಿ.

ಹುಳುವಿನ ಜಾತಿಯನ್ನೂ ನೋಡಿಕೊಳ್ಳಿ. ತೆಳು ಚಿಪ್ಪಿನ ಉರುಟು ಹುಳು, ಚಕ್ಕುಲಿಯಂತೆ ಚಪ್ಪಟೆ ಸುತ್ತಿದ ಹುಳು, ಇವು ಸುಲಭದ ತುತ್ತು. ಹಗಲು ಮರಳಿನೊಳಗೆ ಹುದುಗಿ ರಾತ್ರಿ ಹೊರಡುವ ಉದ್ದ ಮೊನೆಯ ಹುಳುವಿನ ಚಿಪ್ಪು ಕಲ್ಲಿನಷ್ಟು ಗಟ್ಟಿ. ಮೊಟ್ಟೆಯಿಡದೆ ನೇರ ಮರಿ ಹಾಕುವ ಜಾತಿ ಅದು. ಬೆಳೆದದ್ದನ್ನು ಪಫರ್ ಒಡೆಯಲಾರದು.

ಫೈಟರ್, ಗುರಾಮಿ, ಗೋಲ್ಡ್‌ಫಿಶ್ ಹುಳುವಿನ ಮರಿಯನ್ನು ಹೆಕ್ಕುವುದುಂಟು. ಈಗಾಗಲೇ ಇದ್ದರೆ ಒಳ್ಳೆಯದು, ಅದಕ್ಕೆಂದೇ ತರಬೇಡಿ. ಗೋಲ್ಡ್‌ಫಿಶ್ ಗಿಡವನ್ನೂ ಕಿತ್ತುಹಾಕುತ್ತದೆ. ತೊಟ್ಟಿ ಸ್ವಚ್ಛ ಮಾಡುತ್ತದೆಂದು ಕೊಡುವ ಸಕ್ಕರ್ ಮೀನು ಬಸವನಹುಳುವಿನ ಗೊಡವೆಗೇ ಹೋಗದು. ಒಂದಡಿ ಮೀರಿ ಬೆಳೆದಾಗ ಜನ ಅದನ್ನು ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಭಾರತದ ಹಲವು ಕಡೆ ಕೆರೆ–ಹೊಳೆಗಳಲ್ಲಿ ಬೇರೂರಿ ಮೀನುಗಾರರ ಬಲೆ ಹರಿಯುತ್ತಿದೆ.

ಮೀನೇ ಬೇಡ ಎನ್ನುವವರಿಗೂ ದಾರಿಯಿದೆ. ಹುಳು ಹೆಚ್ಚುವುದು ತಿಂಡಿ ಹೆಚ್ಚಾದಾಗ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಿ. ರಾತ್ರಿ ಬಿಸಿನೀರಿನಲ್ಲಿ ಬಾಡಿಸಿದ ಸೌತೆಹೋಳು ಮುಳುಗಿಸಿಟ್ಟರೆ ಬೆಳಿಗ್ಗೆ ಹುಳುಗಳೆಲ್ಲ ಅದರ ಮೇಲಿರುತ್ತವೆ. ಹಾಗೇ ಎತ್ತಿ, ಜಜ್ಜಿ ಗೊಬ್ಬರಗುಂಡಿಗೆ ಹಾಕಿ. ಗದ್ದೆಗೋ ತೋಡಿಗೋ ಎಸೆಯಬೇಡಿ, ಕೆಲವು ಜಾತಿಯ ನೀರುಹುಳು ದನಗಳ ಪಿತ್ತಕೋಶದ ಹುಳಕ್ಕೆ ಆಸರೆ. ಐದಾರು ಹುಳು ಉಳಿದರೆ ಉಳಿಯಲಿ. ಕೊಳೆತ ಎಲೆ, ಪಾಚಿ ತಿನ್ನಲು ಅವೂ ಬೇಕು. ಹೊಸ ಗಿಡ ತಂದಾಗ ಎಲೆಯ ಎರಡೂ ಬದಿ ಬೆರಳಿನಿಂದ ಉಜ್ಜಿ ತೊಳೆದು, ಮೂರು ವಾರ ಬೇರೆ ಬಕೆಟ್ಟಿನಲ್ಲಿಟ್ಟು ಆಮೇಲೆ ತೊಟ್ಟಿಗೆ ನೆಡಿ.