ಶೇವಿಂಗ್ ಬ್ರಷ್: ಕೊಳ್ಳುವಾಗ ನೋಡಬೇಕಾದದ್ದು, ಬಹುಕಾಲ ಬಾಳಿಸುವ ಬಗೆ

ಅಡುಗೆಮನೆಗೆ ಬರುವ ಪ್ರತಿಯೊಂದು ವಸ್ತುವಿನ ಮೂಲವನ್ನು ವಿಚಾರಿಸುವುದು ಜೈನ ಮನೆಗಳ ರೂಢಿ. ಬಚ್ಚಲುಮನೆಯ ಗೂಡಿನಲ್ಲಿರುವ ಶೇವಿಂಗ್ ಬ್ರಷ್ ಬಗ್ಗೆ ಅಷ್ಟು ವಿಚಾರ ನಡೆಯುವುದಿಲ್ಲ. ಮುಖಕ್ಕೆ ದಿನವೂ ತಾಗುವ ಆ ಕೂದಲು ಯಾವ ಪ್ರಾಣಿಯದು ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಕೂದಲು ಎಲ್ಲಿಯದು?

ಶೇವಿಂಗ್ ಬ್ರಷ್‌ಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಎಳೆಗಳಿವೆ: ಹಂದಿಯ ಕೂದಲು, ಬ್ಯಾಡ್ಜರ್ ಎಂಬ ಬಿಲದಲ್ಲಿ ವಾಸಿಸುವ ಪ್ರಾಣಿಯ ಕೂದಲು, ಕುದುರೆಯ ಕೂದಲು ಮತ್ತು ನೈಲಾನ್ ಮೊದಲಾದ ಕೃತಕ ಎಳೆ. ಬ್ಯಾಡ್ಜರ್ ಕೂದಲು ಹೆಚ್ಚಾಗಿ ಚೀನಾದಿಂದ ಬರುತ್ತದೆ. ಪ್ರಾಣಿಯನ್ನು ಕೊಂದ ನಂತರವೇ ಅದು ಸಿಗುವುದು. ಹಂದಿಯ ಕೂದಲು ಬಹುಮಟ್ಟಿಗೆ ಮಾಂಸದ ಉದ್ಯಮದ ಜೊತೆಗೇ ಬರುವಂಥದ್ದು. ಕುದುರೆಯ ಬಾಲ ಮತ್ತು ಕತ್ತಿನ ಕೂದಲನ್ನು ಕೊಲ್ಲದೆಯೂ ಕತ್ತರಿಸಬಹುದು. ಆದರೆ ಅಂಗಡಿಯಲ್ಲಿ ಕೈಗೆ ಬಂದ ಬ್ರಷ್‌ನ ಕೂದಲನ್ನು ಹೇಗೆ ತೆಗೆದರು ಎಂದು ತಿಳಿಯುವ ದಾರಿಯಿಲ್ಲ.

ಮುನಿಗಳ ಪಿಂಛಿಯಲ್ಲಿರುವುದು ನವಿಲು ತಾನಾಗಿಯೇ ಉದುರಿಸಿದ ಗರಿ. ಪ್ರಾಣಿಯಿಂದ ಬಂದದ್ದೆಲ್ಲವೂ ಒಂದೇ ಅಲ್ಲ, ಹೇಗೆ ಬಂತು ಎಂಬುದೇ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಹಿಂಸೆಯನ್ನು ತಾನು ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು, ಈ ಮೂರನ್ನೂ ಶಾಸ್ತ್ರ ಒಟ್ಟಿಗೆ ಹೇಳುತ್ತದೆ. ಕೊಳ್ಳುವವರು ಇರುವವರೆಗೆ ಮಾಡುವವರು ಇರುತ್ತಾರೆ. ಆದ್ದರಿಂದ ಶ್ರಾವಕರಿಗೆ ಕೃತಕ ಎಳೆಯ ಬ್ರಷ್ಷೇ ಸರಿಯಾದ ಆಯ್ಕೆ.

ಗುರುತಿಸುವುದು ಹೇಗೆ?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ, ಭದ್ರಾವತಿಯ ಅಂಗಡಿಗಳಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಬ್ರಷ್ ಕೊಳ್ಳುವಾಗ ಪೊಟ್ಟಣದ ಮೇಲಿನ ಪದಗಳನ್ನು ಓದಬೇಕು. ‘ಬ್ಯಾಡ್ಜರ್’, ‘ಬೋರ್’, ‘ನ್ಯಾಚುರಲ್ ಬ್ರಿಸಲ್’ ಎಂದಿದ್ದರೆ ಅದು ಪ್ರಾಣಿಯ ಕೂದಲು. ‘ಸಿಂಥೆಟಿಕ್’ ಅಥವಾ ‘ನೈಲಾನ್’ ಎಂದಿದ್ದರೆ ಕೃತಕ. ಬಣ್ಣ ನೋಡಿ ನಿರ್ಧರಿಸುವಂತಿಲ್ಲ. ಬ್ಯಾಡ್ಜರ್ ಕೂದಲಿನಂತೆಯೇ ಕಾಣುವ ಹಾಗೆ ಬಣ್ಣ ಕೊಟ್ಟ ಕೃತಕ ಬ್ರಷ್‌ಗಳೂ ಇವೆ.

ಮನೆಯಲ್ಲಿರುವ ಹಳೆಯ ಬ್ರಷ್ ಬಗ್ಗೆ ಅನುಮಾನವಿದ್ದರೆ ಸುಲಭ ಪರೀಕ್ಷೆಯೊಂದಿದೆ. ಉದುರಿದ ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತಾಗಿಸಬೇಕು. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಪ್ರಾಣಿಯದು. ಕರಗಿ ಗಟ್ಟಿ ಮಣಿಯಂತಾದರೆ ಕೃತಕ. ಮಣಿ ಪೂರ್ತಿ ತಣ್ಣಗಾದ ಮೇಲೆಯೇ ಮುಟ್ಟಬೇಕು.

ಸೋಪನ್ನೂ ಗಮನಿಸಬೇಕು. ಕೆಲವು ಶೇವಿಂಗ್ ಸೋಪುಗಳಲ್ಲಿ ಪ್ರಾಣಿಯ ಕೊಬ್ಬು ಇರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ‘ಟ್ಯಾಲೋ’ ಅಥವಾ ‘ಸೋಡಿಯಂ ಟ್ಯಾಲೋವೇಟ್’ ಎಂದು ಕಂಡರೆ ಅದು ಇದೇ.

ಮಲೆನಾಡಿನ ಮಳೆಗಾಲದಲ್ಲಿ ಆರೈಕೆ

ಬ್ರಷ್ ಹಾಳಾಗುವುದು ಬಳಕೆಯಿಂದಲ್ಲ, ಒಣಗದೆ ಇರುವುದರಿಂದ. ಎಳೆಗಳನ್ನು ಹಿಡಿಗೆ ಕೂರಿಸಿರುವುದು ಅಂಟಿನಿಂದ. ಬುಡದಲ್ಲಿ ನೀರು, ಸೋಪು ನಿಂತರೆ ಅಂಟು ಸಡಿಲವಾಗಿ ಎಳೆ ಉದುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿವಮೊಗ್ಗದಲ್ಲಿ ಹಾಸಿದ ಬಟ್ಟೆಯೇ ಒಣಗುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿಟ್ಟ ಬ್ರಷ್ ಒಣಗುವುದೆಲ್ಲಿಂದ? ಒದ್ದೆ ಮತ್ತು ಕೊಳೆ ಸೇರಿದಲ್ಲಿ ಬೂಷ್ಟು, ಸೂಕ್ಷ್ಮಜೀವಿಗಳು ಹುಟ್ಟುತ್ತವೆ. ಮರುದಿನ ಅವನ್ನು ತೊಳೆದು ಕೊಲ್ಲುವುದಕ್ಕಿಂತ ಇಂದೇ ಒಣಗಿಸಿ ಹುಟ್ಟದಂತೆ ನೋಡಿಕೊಳ್ಳುವುದು ಮೇಲು. ಬ್ರಷ್‌ನ ಬಾಳಿಕೆಗೂ ಜೀವದಯೆಗೂ ಬೇಕಾದದ್ದು ಒಂದೇ.

ದಿನನಿತ್ಯ ಮಾಡಬೇಕಾದದ್ದು ಇಷ್ಟು:

• ಉಗುರುಬೆಚ್ಚಗಿನ ನೀರನ್ನಷ್ಟೇ ಬಳಸಿ. ಕುದಿಯುವ ನೀರು ಅಂಟನ್ನೂ ಎಳೆಯನ್ನೂ ಕೆಡಿಸುತ್ತದೆ.
• ಮುಖಕ್ಕೆ ಒತ್ತಿ ಉಜ್ಜಬೇಡಿ. ನೊರೆ ಎಬ್ಬಿಸಲು ತುದಿಗಳು ಸಾಕು.
• ಬಳಸಿದ ಮೇಲೆ ಬುಡದ ಸೋಪು ಹೋಗುವವರೆಗೆ ತೊಳೆಯಿರಿ. ನಲ್ಲಿ ಬಿಟ್ಟು ತೊಳೆಯುವ ಬದಲು ಒಂದು ಮಗ್ ಸೋಸಿದ ನೀರಿನಲ್ಲಿ ಅಲುಗಿಸಿದರೆ ಸಾಕಾಗುತ್ತದೆ.
• ಹಿಂಡಿ ತಿರುಚಬೇಡಿ. ಮೆಲ್ಲಗೆ ಅದುಮಿ, ಕೊಡವಿ, ಒಣಬಟ್ಟೆಗೆ ಸವರಿ.
• ಎಳೆ ಕೆಳಮುಖವಾಗಿರುವಂತೆ ಸ್ಟ್ಯಾಂಡಿಗೆ ತೂಗುಹಾಕಿ. ಸ್ಟ್ಯಾಂಡ್ ಇಲ್ಲದಿದ್ದರೆ ಗಾಳಿಯಾಡುವ ಕಿಟಕಿಯ ಬಳಿ ನೆಟ್ಟಗೆ ನಿಲ್ಲಿಸಿ. ಮಳೆಗಾಲದಲ್ಲಿ ಬಚ್ಚಲುಮನೆಯಿಂದ ಹೊರಗಿಡುವುದೇ ಒಳ್ಳೆಯದು.

ಕೃತಕ ಎಳೆ ನೀರು ಹೀರುವುದಿಲ್ಲ, ಹಾಗಾಗಿ ಪ್ರಾಣಿಯ ಕೂದಲಿಗಿಂತ ಬೇಗ ಒಣಗುತ್ತದೆ. ಮಲೆನಾಡಿನ ಹವೆಗೆ ಇದು ಅನುಕೂಲ.

ನದಿಯ ನೀರು, ಕೊಳವೆಬಾವಿಯ ನೀರು

‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತು ಇಲ್ಲಿಯದೇ. ತುಂಗೆಯ ಅಥವಾ ಭದ್ರೆಯ ನೀರು ಬರುವ ಮನೆಗಳಲ್ಲಿ ಸೋಪು ಸಾಮಾನ್ಯವಾಗಿ ಚೆನ್ನಾಗಿ ನೊರೆ ಕೊಡುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಾದರೆ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಬಿಳಿಯ ಪೊರೆಯಾಗಿ ಎಳೆಗಳಿಗೆ ಅಂಟುತ್ತದೆ. ಬ್ರಷ್ ಬಿರುಸಾಗುತ್ತದೆ, ಹಳೆಯದಾಯಿತೆಂದು ಜನ ಎಸೆಯುತ್ತಾರೆ. ತಿಂಗಳಿಗೊಮ್ಮೆ ಬೆಚ್ಚಗಿನ ನೀರಿಗೆ ಸ್ವಲ್ಪ ನಿಂಬೆರಸ ಬೆರೆಸಿ, ಎಳೆಗಳನ್ನು ಐದು ನಿಮಿಷ ಅದ್ದಿಟ್ಟು ತೊಳೆದರೆ ಪೊರೆ ಬಿಡುತ್ತದೆ.

ಈಗಾಗಲೇ ಇರುವ ಬ್ರಷ್ ಏನು ಮಾಡುವುದು?

ಅಪ್ಪನ ಕಾಲದ ಬ್ರಷ್ ಹಂದಿಯ ಕೂದಲಿನದೆಂದು ಇಂದು ತಿಳಿದರೆ ಬಳಸುವುದನ್ನು ನಿಲ್ಲಿಸುವವರಿದ್ದಾರೆ. ಅದು ಸವೆಯುವವರೆಗೆ ಬಳಸಿ ಮತ್ತೆ ಅಂಥದ್ದನ್ನು ಕೊಳ್ಳದವರೂ ಇದ್ದಾರೆ. ತಿಳಿದ ನಂತರ ಇನ್ನೊಂದನ್ನು ಕೊಳ್ಳಬಾರದು ಎಂಬಲ್ಲಿ ಇಬ್ಬರೂ ಒಂದೇ. ಹಿಡಿ ಚೆನ್ನಾಗಿದ್ದರೆ ಹಳೆಯ ಎಳೆ ತೆಗೆದು ಕೃತಕ ಎಳೆಯ ಗೊಂಡೆಯನ್ನು ಅಂಟಿಸಿಕೊಳ್ಳಲೂಬಹುದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಮ್ಮೆ ಬಳಸಿ ಮುಗಿಯುವುದನ್ನು ಭೋಗವೆಂದೂ, ಮತ್ತೆ ಮತ್ತೆ ಬಳಸುವುದನ್ನು ಉಪಭೋಗವೆಂದೂ ಬೇರ್ಪಡಿಸಿ, ಎರಡಕ್ಕೂ ಮಿತಿ ಹಾಕಿಕೊಳ್ಳಲು ಹೇಳಿದ್ದಾರೆ. ಬ್ರಷ್ ಉಪಭೋಗದ ವಸ್ತು. ಮೂಲ ನೋಡಿ ಒಂದನ್ನು ಕೊಂಡು, ದಿನವೂ ಒಣಗಿಸಿಟ್ಟರೆ ಹಲವು ವರ್ಷ ಇನ್ನೊಂದು ಬೇಕಾಗುವುದಿಲ್ಲ.