ಬಾಯಿಮಾತಿನ ಪಾಲುದಾರಿಕೆ

ಕಳೆದ ರಂಜಾನ್ ಹಬ್ಬಕ್ಕೆ ಚಾಚಾ ದಮ್ಮಾಮ್‌ನಿಂದ ಊರಿಗೆ ಬಂದಾಗ ಮನೆಯಲ್ಲಿ ಲೆಕ್ಕದ ಮಾತು ಎದ್ದಿತು. ನಮ್ಮ ಹಾರ್ಡ್‌ವೇರ್ ಅಂಗಡಿಗೆ ಅಬ್ಬಾ 2 ಲಕ್ಷ, ಚಾಚಾ 6 ಲಕ್ಷ ರೂಪಾಯಿ ಹಾಕಿದ್ದಾರೆ. ಅಂಗಡಿ ತೆರೆದ ಮೇಲೆ ಬಂದ ಮೊದಲ ಲಾಭ 4,80,000 ರೂಪಾಯಿ.

"ಭಾಯಿ, ಹಣ ಹೆಚ್ಚು ಹಾಕಿದ್ದು ನಾನಲ್ಲವೇ?" ಎಂದರು ಚಾಚಾ.

"ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿಯಲ್ಲಿ ಕೂತದ್ದು ಯಾರು?" ಎಂದರು ಅಬ್ಬಾ.

ಇಬ್ಬರ ಮಾತೂ ಸರಿಯೇ. ಆದರೆ ಯಾರೂ ಏನನ್ನೂ ಬರೆದಿಟ್ಟಿರಲಿಲ್ಲ. ಆ ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಾವು ಕಲಿಯುವ ಪಾಠ ಇದೇ. ಒಬ್ಬರೇ ನಡೆಸಿದರೆ ಅದು ಏಕಮಾಲೀಕ ವ್ಯಾಪಾರ. ಲಾಭವೂ ನಷ್ಟವೂ ಅವರೊಬ್ಬರದೇ. ಇಬ್ಬರು ಅಥವಾ ಹೆಚ್ಚು ಜನ ಲಾಭ ಹಂಚಿಕೊಳ್ಳಲು ಒಪ್ಪಿ ನಡೆಸಿದರೆ ಪಾಲುದಾರಿಕೆ. ಈ ಎರಡರಲ್ಲೂ ಅಂಗಡಿಯ ಸಾಲ ತೀರದಿದ್ದರೆ ಮಾಲೀಕರ ಸ್ವಂತ ಆಸ್ತಿಗೂ ಕುತ್ತು. ಕಂಪನಿಯಲ್ಲಿ ಸಾಮಾನ್ಯವಾಗಿ ಷೇರುದಾರನ ಹೊಣೆ ಅವನ ಷೇರಿನ ಹಣಕ್ಕಷ್ಟೇ ಸೀಮಿತ. 2008ರ ಕಾಯ್ದೆಯ ಸೀಮಿತ ಹೊಣೆಗಾರಿಕೆ ಪಾಲುದಾರಿಕೆಯಲ್ಲೂ ಇಂಥದೇ ರಕ್ಷಣೆ ಇದೆ.

ಪಾಲುದಾರಿಕೆ ಬಾಯಿಮಾತಿನದಾದರೂ ಕಾನೂನಿನಂತೆ ನಡೆಯುತ್ತದೆ. ಆದರೆ ಬೇರೆ ಒಪ್ಪಂದ ಇಲ್ಲದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ನಿಯಮವೇ ಅನ್ವಯ: ಲಾಭ-ನಷ್ಟ ಸಮಪಾಲು, ದುಡಿಮೆಗೆ ಸಂಬಳ ಇಲ್ಲ, ಬಂಡವಾಳಕ್ಕೆ ಬಡ್ಡಿ ಇಲ್ಲ. ಅಂದರೆ ಇಬ್ಬರಿಗೂ ತಲಾ 2,40,000. ಚಾಚಾ ಹಾಕಿದ ಹೆಚ್ಚಿನ ಹಣಕ್ಕೂ ಅಬ್ಬಾನ ದುಡಿಮೆಗೂ ಅಲ್ಲಿ ಲೆಕ್ಕವೇ ಇಲ್ಲ!

ನಾನು ಪುಸ್ತಕ ತಂದು ಇದನ್ನು ಓದಿ ಹೇಳಿದೆ. ಮರುದಿನ ಇಬ್ಬರೂ ಕೂತು ಒಪ್ಪಿಕೊಂಡರು: ಅಬ್ಬಾಗೆ ತಿಂಗಳಿಗೆ 10,000 ಸಂಬಳ, ಉಳಿದ ಲಾಭದಲ್ಲಿ ಅಬ್ಬಾಗೆ ಒಂದು ಪಾಲು, ಚಾಚಾಗೆ ಎರಡು. ವರ್ಷದ ಸಂಬಳ 1,20,000 ಕಳೆದರೆ ಉಳಿಯುವುದು 3,60,000. ಅದರಲ್ಲಿ ಅಬ್ಬಾಗೆ 1,20,000, ಚಾಚಾಗೆ 2,40,000. ಸಂಬಳ ಸೇರಿಸಿದರೆ ಅಬ್ಬಾಗೂ 2,40,000! ಈ ವರ್ಷ ಮೊತ್ತ ಸಮಪಾಲಿನಷ್ಟೇ ಬಂತು. ಮುಂದಿನ ವರ್ಷ ಬದಲಾಗಬಹುದು. ಆದರೆ ಈಗ ಯಾರಿಗೆ ಯಾವುದಕ್ಕಾಗಿ ಎಷ್ಟು ಎಂಬುದು ಇಬ್ಬರಿಗೂ ಗೊತ್ತು. ಅದನ್ನೇ ಪಾಲುದಾರಿಕೆ ಪತ್ರವಾಗಿ ಬರೆಸಿದರು. ಪತ್ರದ ಜೊತೆ ಸಂಸ್ಥೆಯ ನೋಂದಣಿಯೂ ಒಳ್ಳೆಯದು. ನೋಂದಣಿ ಇಲ್ಲದಿದ್ದರೆ ಒಪ್ಪಂದದ ಬಾಕಿ ವಸೂಲಿಗೆ ಸಂಸ್ಥೆ ಗಿರಾಕಿಯ ಮೇಲೆ ದಾವೆ ಹೂಡುವುದು ಕಷ್ಟ.

ಇನ್ನೊಂದು ತಪ್ಪೂ ಅಂದು ಬಯಲಾಯಿತು. ಗ್ಯಾಸ್ ಸಿಲಿಂಡರ್‌ಗೆ, ನನ್ನ ಕಾಲೇಜು ಫೀಸಿಗೆ ಹಣ ಅಂಗಡಿಯ ಗಲ್ಲಾದಿಂದಲೇ ಬರುತ್ತಿತ್ತು. ಕೆಲವು ಸಲ ಅದನ್ನು ಬರೆಯುತ್ತಲೂ ಇರಲಿಲ್ಲ. ಹಾಗಾದರೆ ನಿಜವಾದ ಲಾಭ ತಿಳಿಯುವುದು ಹೇಗೆ? ಈಗ ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಇದೆ. ಅಬ್ಬಾ ಸಂಬಳವನ್ನಷ್ಟೇ ಮನೆಗೆ ತರುತ್ತಾರೆ, ಅಮ್ಮಿ ಅದರಲ್ಲಿ ಮೊದಲು ಉಳಿತಾಯ ತೆಗೆದಿಟ್ಟು ಆಮೇಲೆ ಖರ್ಚು ಮಾಡುತ್ತಾರೆ. ಮೂರು ತಿಂಗಳ ಮನೆಖರ್ಚಿನಷ್ಟು ಆಪತ್ತಿಗೆಂದು ಕೂಡಿಡುವುದು ಅವರ ಗುರಿ.

ಗೆಳೆಯರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ಅಂಗಡಿ, ಗ್ಯಾರೇಜು, ಬೇಕರಿ ಇವೆ. "ನಾವು ನಾವೇ ಅಲ್ಲವೇ, ಬರೆಯುವುದೇಕೆ?" ಎಂದು ಹಿರಿಯರು ಹೇಳಬಹುದು. ಬರೆದಿಡುವುದು ಅಪನಂಬಿಕೆಯಿಂದಲ್ಲ, ಸಂಬಂಧ ಉಳಿಯಲೆಂದು. ಇವತ್ತು ಮನೆಗೆ ಹೋದಾಗ ಒಮ್ಮೆ ಕೇಳಿ ನೋಡಿ.