ಮಾಜಾಳಿಯ ಆಚೆಗೊಂದು ಬ್ರಾಡ್‌ವೇ!

ಕಾರವಾರದಿಂದ ಹೊರಟು ಮಾಜಾಳಿ ಚೆಕ್‌ಪೋಸ್ಟ್ ದಾಟಿ ಗೋವೆಯ ಕಾಣಕೋಣಕ್ಕೆ ಕಾಲಿಟ್ಟರೆ ಸಾಕು, ನಮ್ಮವರು ನೇರ ಪಾಲೊಳೆಂ ಕಡಲಿಗೆ ಓಡುತ್ತಾರೆ. ಅಯ್ಯೋ, ಇಗರ್ಜಿಯ (ಚರ್ಚಿನ) ಹಬ್ಬವಾದ ಫೆಸ್ತ್ ಬಂದಾಗ ಇಲ್ಲಿನ ಊರುಗಳಲ್ಲಿ ಏಳುವ ರಂಗವನ್ನೊಮ್ಮೆ ನೋಡಬೇಕು! ಅದೇ ತಿಯಾತ್ರ್, ಕೊಂಕಣಿಯ ಸಂಗೀತ ನಾಟಕ.

ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್ಸ್ ಮೊಳಗುತ್ತವೆ. ಅಂಕ ಮುಗಿದು ಪರದೆ ಬಿದ್ದಿತೋ, ಅದರ ಮುಂದಕ್ಕೆ ನುಗ್ಗಿ ಬರುತ್ತಾನೆ ಗಾಯಕ. ಅವನ ಹಾಡಿಗೂ ನಾಟಕದ ಕತೆಗೂ ಸಂಬಂಧವೇ ಇರಬೇಕಿಲ್ಲ! ಪಕ್ಷಾಂತರ ಮಾಡಿದ ಶಾಸಕ, ಮಾರಾಟವಾಗುತ್ತಿರುವ ಗುಡ್ಡ, ಮನೆಯೊಳಗಿನ ಜಗಳ, ಯಾವುದನ್ನೂ ಬಿಡುವುದಿಲ್ಲ. ಜನ ಕೂಗುತ್ತಾರೆ, ಅವನು ಮತ್ತೆ ಹಾಡುತ್ತಾನೆ. ಅಷ್ಟರಲ್ಲಿ ಪರದೆಯ ಹಿಂದೆ ಮುಂದಿನ ದೃಶ್ಯದ ಸೆಟ್ಟು ಸಿದ್ಧ. ಎಂಥ ಜಾಣ ರಂಗತಂತ್ರ!

ಇದು ಹುಟ್ಟಿದ ಬಗೆ ಕೇಳಿದರಂತೂ ಮೈ ಜುಮ್ಮೆನ್ನುತ್ತದೆ. ಗೋವೆಯ ಲುಕಾಸಿನ್ಹೊ ರಿಬೇರೊ ಎಂಬ ತರುಣ ಮುಂಬಯಿಯಲ್ಲಿ ಇಟಲಿಯ ಒಪೆರಾ ನೋಡಿದ. ನೋಡಿ ಸುಮ್ಮನೆ ಮನೆಗೆ ಹೋದನೇ? ಅದೇ ತಂಡದಲ್ಲಿ ಪರದೆ ಎಳೆಯುವ ಕೆಲಸಕ್ಕೆ ಸೇರಿ ಊರೂರು ಸುತ್ತಿಬಂದ! ಪರದೆಯ ಹಗ್ಗ ಹಿಡಿದೇ ಇಡೀ ವಿದ್ಯೆ ಕದ್ದ ಆತ, 1892ರ ಏಪ್ರಿಲ್ 17ರ ಈಸ್ಟರ್ ಭಾನುವಾರ, ಮುಂಬಯಿಯ ನ್ಯೂ ಆಲ್ಫ್ರೆಡ್ ಥಿಯೇಟರಿನಲ್ಲಿ ಮೊದಲ ತಿಯಾತ್ರ್ ‘ಇಟಾಲಿಯನ್ ಭುರ್ಗೊ’ ಆಡಿಸಿದ. ನಮ್ಮ ಗುಬ್ಬಿ ನಾಟಕ ಕಂಪನಿಗೆ ಆಗಿನ್ನೂ ಎಂಟೇ ವರ್ಷ!

ಅಂದು ಜೊತೆಗಿದ್ದ ಮಡಗಾಂವ್‌ನ ಜುವಾಂವ್ ಆಗುಸ್ತಿನ್ಹೊ ಫೆರ್ನಾಂಡಿಸ್ ಮುಂದೆ ತಾವೇ ನಾಟಕ ಬರೆದು, ಹಾಡು ಕಟ್ಟಿ, ‘ತಿಯಾತ್ರಿನ ತಂದೆ’ ಎನಿಸಿಕೊಂಡರು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಕಾಲದಲ್ಲಿ, 1904ರಲ್ಲಿ, ಜಮೀನ್ದಾರರ ಕುರಿತ ‘ಭಾಟ್‌ಕಾರ’ ನಾಟಕಕ್ಕೆ ಹೆಂಡತಿ ರೆಜಿನಾ ಅವರನ್ನೇ ರಂಗಕ್ಕೆ ಕರೆತಂದರು. ಆ ದಿಟ್ಟ ಹೆಣ್ಣುಮಗಳೇ ತಿಯಾತ್ರಿನ ಮೊದಲ ನಟಿ.

ಮೈಕಲ್ ಜಾಕ್ಸನ್ ಬದುಕಿನ ಸಂಗೀತ ನಾಟಕ 2022ರಲ್ಲಿ ಬ್ರಾಡ್‌ವೇಗೆ ಬಂದಾಗ ಲೋಕವೇ ತಿರುಗಿ ನೋಡಿತು. ಪರದೆ ಎಳೆಯುತ್ತಿದ್ದ ಲುಕಾಸಿನ್ಹೊನ ಬದುಕು ಅದಕ್ಕಿಂತ ಏನು ಕಡಿಮೆ? ನನಗಂತೂ ಒಂದು ಗುಲಗಂಜಿಯೂ ಕಡಿಮೆ ಕಾಣದು.

ಇಂಥ ರಂಗ ಇರುವುದು ನಮ್ಮ ಗಡಿಗಂಟಿದ ಕಾಣಕೋಣ ತಾಲ್ಲೂಕಿನಲ್ಲಿ! ಕೊಂಕಣಿ ಅರ್ಧಂಬರ್ಧ ತಿಳಿದರೂ ಸಾಕು, ತಿಳಿಯದಿದ್ದರೂ ಅಡ್ಡಿಯಿಲ್ಲ. ಮುಂದಿನ ಸಲ ಕಾಣಕೋಣಕ್ಕೆ ಹೋದಾಗ ಕಡಲನ್ನು ಹಗಲಿಗಿಟ್ಟು, ರಾತ್ರಿ ತಿಯಾತ್ರಿಗೆ ಟಿಕೆಟ್ ಕೊಳ್ಳಿ.